ಖಾಲಿ ಬಿಟ್ಟವರು

ಎರಡು ವಿಮಾನ ಕಂಪನಿಗಳು ಒಂದಾದವು ಎಂದು ಪತ್ರಿಕೆಗಳು ಬರೆದವು. ಒಂದಾಗುವುದು ಎನ್ನುವ ಮಾತು ಹುಟ್ಟಿದ್ದು ನುಂಗಿದವನ ಬಾಯಲ್ಲೇ ಇರಬೇಕು. ದೊಡ್ಡ ಕಂಪನಿ ಚಿಕ್ಕ ಕಂಪನಿಯ ವಿಮಾನಗಳನ್ನು ನುಂಗಿತು, ಹ್ಯಾಂಗರುಗಳನ್ನು ನುಂಗಿತು, ವಿಮಾನಗಳ ಬಾಲಕ್ಕೆ ಬಳಿದಿದ್ದ ಹಸಿರು ಬಣ್ಣವನ್ನು ಕೆರೆದು ಹಾಕಿತು. ಪೈಲಟ್‌ಗಳು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡರು. ಹಾಗೆ ಸಿಕ್ಕಿಕೊಂಡ ಮೂಳೆಗಳಲ್ಲಿ ಎಲ್ಲಕ್ಕಿಂತ ಗಡುಸಾದದ್ದು ಅಕ್ಕ.

ಅಕ್ಕನಿಗೆ ಒಡಹುಟ್ಟಿದವರು ಯಾರೂ ಇಲ್ಲ. ಬಸ್ ಡ್ರೈವರೊಬ್ಬನ ಒಬ್ಬಳೇ ಮಗಳು. ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸಿ ಕೈ ಪಳಗಿಸಿಕೊಂಡವಳು, ಮರದ ತುದಿ ಚಕ್ರಕ್ಕೆ ತಾಗುವಷ್ಟು ಕೆಳಗೆ. ಚಿಕ್ಕ ಕಂಪನಿ ಇನ್ನೂ ತಗಡಿನ ಶೆಡ್ಡಿನಲ್ಲಿದ್ದಾಗ ಸೇರಿ, ಕ್ಯಾಪ್ಟನ್ ಆಗಿ, ಪೈಲಟ್ ಸಂಘದ ಕಾರ್ಯದರ್ಶಿಯೂ ಆದಳು. ಒಮ್ಮೆ ಮುಷ್ಕರ ಮಾಡಿಸಿ ಗೆದ್ದಿದ್ದಳು. ಅಂದಿನಿಂದ ಅವಳಿಗಿಂತ ಹಿರಿಯರೂ ಅಕ್ಕ ಎನ್ನತೊಡಗಿದರು. ಆ ಮುಷ್ಕರದಲ್ಲಿ ಆಡಳಿತದವರು ಫೋನಿನ ಸಂದೇಶಗಳನ್ನೆಲ್ಲ ಕೋರ್ಟಿಗೆ ತಂದು ಸುರಿದಿದ್ದರಿಂದ, ಸಂಘ ಒಂದು ಕಟ್ಟುಪಾಡು ಮಾಡಿಕೊಂಡಿತ್ತು: ಸಂಘದ ವಿಷಯ ಎಲ್ಲೂ ಬರೆಯಬಾರದು. ಒಬ್ಬರು ಇನ್ನಿಬ್ಬರಿಗೆ ಫೋನ್ ಮಾಡಿ ಹೇಳಬೇಕು, ಅವರು ಮತ್ತಿಬ್ಬರಿಗೆ. ಈ ಸರಪಳಿಯ ಮೊದಲ ಕೊಂಡಿ ಅಕ್ಕ, ಎರಡನೆಯದು ತಾತ. ತಾತ ಎಂದರೆ ಚಿಕ್ಕ ಕಂಪನಿಯ ಅತಿ ಹಿರಿಯ ಕ್ಯಾಪ್ಟನ್, ನಿವೃತ್ತಿಯ ಅಂಚಿನಲ್ಲಿದ್ದ ಬೋಳುತಲೆಯ ಮುಂಗೋಪಿ.

ಪೈಲಟ್ ಕೆಲಸದಲ್ಲಿ ಎಷ್ಟು ಚೆನ್ನಾಗಿ ಇಳಿಸುತ್ತೀಯ ಎಂದು ಯಾರೂ ಕೇಳುವುದಿಲ್ಲ. ಕೇಳುವುದು, ನಿನ್ನ ನಂಬರ್ ಎಷ್ಟು? ಮೊದಲು ಸೇರಿದವನಿಗೆ ಮೇಲಿನ ನಂಬರ್, ಆಮೇಲೆ ಬಂದವನಿಗೆ ಕೆಳಗಿನದು. ಯಾವ ಊರಿನಿಂದ ಹಾರಬೇಕು, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಕೋ-ಪೈಲಟ್ ಸೀಟೋ, ಕಂಪನಿ ಸೊರಗಿದರೆ ಮೊದಲು ಯಾರನ್ನು ಮನೆಗೆ ಕಳಿಸಬೇಕು, ಎಲ್ಲಕ್ಕೂ ಆ ನಂಬರೇ ಉತ್ತರ. ಎರಡು ಕಂಪನಿಗಳ ಸಾಲುಗಳನ್ನು ಒಂದು ಮಾಡುವಾಗ ಸೇರಿದ ದಿನವನ್ನೇ ನೋಡಿ ಎಂದು ಅಕ್ಕ ಪಟ್ಟು ಹಿಡಿದಳು. ದೊಡ್ಡ ಕಂಪನಿಯವರು, ನಾವು ಜಾಸ್ತಿ ಜನ, ನಮ್ಮವರು ಮೂವರು, ನಿಮ್ಮವರು ಒಬ್ಬರು, ಹಾಗೆ ಹೆಣೆಯಿರಿ ಎಂದರು. ತೀರ್ಪು ಕೊಡಲು ಕೂತಿದ್ದ ನಿವೃತ್ತ ನ್ಯಾಯಾಧೀಶರು ಹಾಗೇ ಹೆಣೆದರು. ಅಕ್ಕ ಔಷಧಿ ಸಿಂಪಡಿಸುತ್ತಿದ್ದಾಗ ಶಾಲೆಗೆ ಹೋಗುತ್ತಿದ್ದವರು ಈಗ ಅವಳ ನೆತ್ತಿಯ ಮೇಲೆ ಬಂದು ಕೂತರು. ಸಂಘ ಕೋರ್ಟಿಗೆ ಹೋಯಿತು. ಕೋರ್ಟು ತನ್ನ ಆಮೆ ನಡಿಗೆಯಲ್ಲಿ ಹೊರಟಿತು.

ಅಷ್ಟರಲ್ಲಿ ಹೊಸ ಆಜ್ಞೆ ಬಂತು. ಪ್ರತಿಯೊಬ್ಬ ಪೈಲಟ್ ತನಗೆ ಯಾವ ಊರು, ಯಾವ ಸೀಟು ಬೇಕೆಂದು ಕಂಪ್ಯೂಟರಿನಲ್ಲಿ ಸಾಲಾಗಿ ತುಂಬಬೇಕು. ಮೇಲಿನ ನಂಬರಿನವರಿಂದ ಹಂಚುತ್ತ ಬರುತ್ತಾರೆ.

ಅಕ್ಕನ ಗಂಡನ ಬೇಕರಿಯ ಹಿಂಭಾಗದ ಕೋಣೆಯಲ್ಲಿ ಸಭೆ ಸೇರಿತು. ಹಿಟ್ಟಿನ ಮೂಟೆಗಳ ಮೇಲೆ ಕ್ಯಾಪ್ಟನ್‌ಗಳು ಕೂತರು. ಎದ್ದಾಗ ಎಲ್ಲರ ಕಪ್ಪು ಪ್ಯಾಂಟಿನ ಹಿಂದೆಯೂ ಬಿಳಿ ಗುರುತು.

"ತುಂಬಿದರೆ ಅವರ ಹೆಣಿಗೆ ಒಪ್ಪಿಕೊಂಡ ಹಾಗೆ," ಎಂದಳು ಅಕ್ಕ. "ಖಾಲಿ ಬಿಡೋಣ. ಖಾಲಿ ಬಿಟ್ಟೋರು ಇದ್ದಲ್ಲೇ ಇರ್ತಾರೆ. ನಮ್ಮನ್ನ ಅಲ್ಲಾಡಿಸೋಕೆ ಆಗಲ್ಲ, ಕೇಸೂ ಗಟ್ಟಿ ಆಗುತ್ತೆ."

ಚಿಕ್ಕ ಕಂಪನಿಯಲ್ಲಿ ಯಾವಾಗಲೂ ಹಾಗೇ ನಡೆದಿತ್ತು. ಏನೂ ಕೇಳದವನು ಏನೂ ಬದಲಾವಣೆ ಬೇಡ ಎಂದ ಹಾಗೆ. ಉಸಿರಾಡುವುದು ಹೇಗೆಂದು ಯಾರೂ ಪುಸ್ತಕ ನೋಡುವುದಿಲ್ಲವಲ್ಲ, ಹಾಗೆ ಇದನ್ನೂ ಯಾರೂ ನೋಡಲಿಲ್ಲ.

"ಅಕ್ಕ, ಗ್ಯಾರಂಟೀನಾ?" ಎಂದ ಮದುಮಗ. ಮದುವೆಯಾಗಿ ಹೊಸದು, ಮಾತೆತ್ತಿದರೆ ಹೆಂಡತಿ. ಅದಕ್ಕೇ ಆ ಅಡ್ಡಹೆಸರು. ಅವನ ಹೆಂಡತಿಗೆ ಊರಲ್ಲೇ ಆಸ್ಪತ್ರೆಯಲ್ಲಿ ಕೆಲಸ, ಹೊಟ್ಟೆಯಲ್ಲಿ ಮಗು. "ನನ್ನ ಎತ್ತಿ ಆ ಮಂಜಿನ ಊರಿಗೆ ಬಿಸಾಕಿದ್ರೆ ಅವಳು ನನ್ನ ಸುಮ್ನೆ ಬಿಡಲ್ಲ."

ಮಂಜಿನ ಊರು ಎಂದರೆ ಉತ್ತರದ ತುದಿಯ ಒಂದು ಬೇಸ್, ಪೈಲಟ್‌ಗಳು ನೆಲೆಸಿ ಹಾರಾಟಕ್ಕೆ ಹೊರಡುವ ಊರು. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ.

"ನಾನು ಹೇಳ್ತಾ ಇದ್ದೀನಲ್ಲ," ಎಂದು ಅಕ್ಕ ಮೇಜು ಗುದ್ದಿದಳು. ಮಾತು ಅಲ್ಲಿಗೆ ಮುಗಿಯಿತು.

ತುಂಬಲು ಕೊನೆಯ ದಿನ ಅಕ್ಕನಿಗೆ ಹೋಗಿಬರುವ ಒಂದು ಹಾರಾಟವಿತ್ತು. ಕಾಕ್‌ಪಿಟ್‌ನ ಹಿಂದಿನ ಮಡಚುವ ಸೀಟಿನಲ್ಲಿ ದೊಡ್ಡ ಕಂಪನಿಯ ಕ್ಯಾಪ್ಟನ್ ಒಬ್ಬ ಕೂತಿದ್ದ. ಮನೆ ಒಂದೂರಲ್ಲಿ, ಕೆಲಸ ಇನ್ನೊಂದೂರಲ್ಲಿ ಇರುವವರು ಹಾಗೆ ಪುಕ್ಕಟೆ ಸವಾರಿ ಮಾಡುತ್ತಾರೆ. ಗುಂಡುಗುಂಡಗಿನ ಬಾಯಿಬಡುಕ. ಮೇಲೆ ಹೋಗಿ ವಿಮಾನ ಸಮನಾದ ಮೇಲೆ ಕೋ-ಪೈಲಟ್ ಶೌಚಕ್ಕೆಂದು ಎದ್ದು ಹೋದ. ಗುಂಡ ಮುಂದಕ್ಕೆ ಬಾಗಿದ.

"ನಿಮ್ಮೋರು ಯಾರೂ ತುಂಬ್ತಾ ಇಲ್ಲವಂತೆ? ಒಳ್ಳೇದಾಯ್ತು ಮೇಡಂ. ವರ್ಷಗಟ್ಟಲೆ ಈ ಸೀಟಲ್ಲಿ ಬೆನ್ನು ಮುರ್ಕೊಂಡೆ. ಈ ಸಲ ನನಗೂ ಮನೆ ಊರು ಸಿಗಬಹುದು."

"ನಮ್ಮೋರು ಇದ್ದಲ್ಲೇ ಇರ್ತಾರೆ. ನಿಮಗೆ ಹೇಗೆ ಸಿಗುತ್ತೆ?"

"ಇದ್ದಲ್ಲೇ ಹೇಗಿರ್ತಾರೆ? ನಮ್ಮಲ್ಲಿ ಖಾಲಿ ಬಿಟ್ಟರೆ ಎಲ್ಲಿಗೆ ಬೇಕಾದ್ರೂ ಕಳಿಸಿ ಅಂತ ಅರ್ಥ. ಬೇರೆಯೋರು ತಿಂದು ಉಳಿದಿದ್ದು ಅವರಿಗೆ. ಸೀಟೂ ಅಷ್ಟೆ, ಬಲಗಡೆ ಉಳಿದಿದ್ರೆ ಬಲಗಡೆ." ಅವನು ನಗುತ್ತ ಹೇಳಿದ. ಅಕ್ಕನ ಕತ್ತಿನ ನರ ನೋಡಿ ನಗು ನಿಲ್ಲಿಸಿದ. "ನಿಮಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು," ಎಂದಳು ಅಕ್ಕ.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನೋಣವೆಂದರೆ ಅವಳ ಕಾಲ ಕೆಳಗೆ ನೆಲವೇ ಇರಲಿಲ್ಲ, ಮೋಡವಿತ್ತು. ಕೋ-ಪೈಲಟ್ ವಾಪಸ್ ಬಂದು ಬೆಲ್ಟ್ ಕಟ್ಟಿಕೊಂಡ. ಅವನೂ ಖಾಲಿ ಬಿಟ್ಟವನೇ. ಕೆಳಗಿಳಿಸುವ ಹೊತ್ತಿನಲ್ಲಿ ಪಕ್ಕದವನ ತಲೆಗೆ ಬೆಂಕಿ ಹಚ್ಚಬಾರದು. ಇಳಿಯುವ ಕೆಲಸ ಮುಗಿಯುವವರೆಗೂ ಅವಳ ಬಾಯಲ್ಲಿ ಎತ್ತರ, ವೇಗ, ಚಕ್ರ ಇವು ಬಿಟ್ಟು ಬೇರೆ ಮಾತಿಲ್ಲ. ತಲೆಯಲ್ಲಿ ಮಾತ್ರ ಇನ್ನೊಂದು ಲೆಕ್ಕ ತನ್ನಷ್ಟಕ್ಕೆ ನಡೆಯುತ್ತಿತ್ತು.

ಲೆಕ್ಕ ಸರಳವಾಗಿತ್ತು, ಅದೇ ಕೆಟ್ಟದ್ದು. ಅವಳ ಊರಿನ ಬೇಸಿನಲ್ಲಿ ಎಡಗಡೆ ಸೀಟುಗಳನ್ನು ಕಂಪನಿ ಕಡಿತ ಮಾಡಿತ್ತು. ದೊಡ್ಡ ಕಂಪನಿಯವರು ತಮಗೆ ಬೇಕಾದ್ದು ಎತ್ತಿಕೊಂಡ ಮೇಲೂ ಒಂದೆರಡು ಉಳಿಯುತ್ತಿದ್ದವು. ಚಿಕ್ಕ ಕಂಪನಿಯಲ್ಲಿ ಅವಳಿಗಿಂತ ಮೇಲಿದ್ದವರು ತಾತ ಮತ್ತು ಅವನ ಓರಗೆಯ ಕೆಲವರು. ಅವರು ಖಾಲಿ ಬಿಟ್ಟು ಅವಳೊಬ್ಬಳೇ ತುಂಬಿದರೆ ಅವಳ ಸೀಟು ಅವಳಿಗೆ. ಅವರಿಗೆ ವಿಷಯ ತಿಳಿಸಿದರೆ ಅವಳು ಹೋಗಬೇಕಾದ್ದು ಬಲಕ್ಕೆ, ಇಲ್ಲ ಮಂಜಿನ ಊರಿಗೆ. ಯಾರಿಗೂ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಫೋನ್ ಮಾಡದಿದ್ದರೆ ಸಾಕು.

ಪ್ರಯಾಣಿಕರು ಇಳಿದರು. ವಿಮಾನವನ್ನು ಸುತ್ತುಹಾಕಿ ಚಕ್ರ, ರೆಕ್ಕೆ ನೋಡುವುದು ಸಾಮಾನ್ಯವಾಗಿ ಕೋ-ಪೈಲಟ್ ಕೆಲಸ. "ನಾನು ನೋಡ್ಕೊಂಡು ಬರ್ತೀನಿ, ನೀನು ಊಟ ಮಾಡು," ಎಂದು ಅಕ್ಕ ಇಳಿದಳು. ಟೈರ್ ಮುಟ್ಟಿದಳು, ಬಿಸಿಯಿತ್ತು. ಇಂಜಿನ್ನಿನ ಬಾಯೊಳಗೆ ಟಾರ್ಚ್ ಬಿಟ್ಟಳು. ಇಂಧನದ ಲಾರಿ ಪೈಪ್ ಜೋಡಿಸಿಕೊಂಡು ನಿಂತಿತ್ತು, ಅದರ ಹತ್ತಿರ ಫೋನ್ ತೆಗೆಯುವಂತಿಲ್ಲ. ಲಾರಿ ಹೋಗಲಿ ಆಮೇಲೆ ಮಾಡೋಣ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನಗೇ ಕೇಳಿಸಿತು. ಥೂ ಎಂದು ತನಗೇ ಉಗಿದುಕೊಂಡು, ಲಗೇಜ್ ಗಾಡಿಗಳು ನಿಲ್ಲುವ ಗೋಡೆಯವರೆಗೆ ನಡೆದು ಹೋಗಿ ತಾತನಿಗೆ ಫೋನ್ ಮಾಡಿದಳು.

"ಎಲ್ಲಿದ್ದೀರಿ ತಾತ?"

"ಸಿಂಕಿನ ಕೆಳಗೆ. ನಲ್ಲಿ ಸೋರ್ತಾ ಇದೆ. ಏನಮ್ಮ, ಯಾವನಾದರೂ ಕದ್ದು ತುಂಬಿದನಾ?"

"ಇಲ್ಲ. ನೀವು ತುಂಬಿ. ಈಗಲೇ. ಎಲ್ಲರಿಗೂ ಹೇಳಿ."

"ತಲೆ ನೆಟ್ಟಗಿದೆಯಾ? ಖಾಲಿ ಬಿಡಿ ಅಂತ ಮೇಜು ಗುದ್ದಿದ್ದು ನೀನು."

"ಗುದ್ದಿದ್ದು ನಾನೇ, ಗೊತ್ತಿಲ್ಲದೆ ಗುದ್ದಿದೆ. ಇವರ ಕಂಪನೀಲಿ ಖಾಲಿ ಬಿಟ್ಟರೆ ಎಲ್ಲಿಗೆ ಬೇಕಾದ್ರೂ ಎಸೀತಾರೆ. ಉಳಿದ ಸೀಟು ನಮ್ಮ ಪಾಲು."

ತಾತ ಸಿಂಕಿನ ಕೆಳಗಿಂದ ಹೊರಬರುವ ಸದ್ದು, ತಲೆ ತಗುಲಿದ ಸದ್ದು, ಒಂದು ಬೈಗುಳ.

"ಕೇಸು?"

"ಅಳ್ಳಕ ಆಗುತ್ತೆ. ಮನುಷ್ಯರು ಉಳೀತಾರೆ."

"ನಾನು ಊರಲ್ಲೇ ಎಡಗಡೆ ಅಂತ ಹಾಕಿದ್ರೆ ನಿನಗೆ ಸಿಗಲ್ಲ. ಗೊತ್ತು ತಾನೆ?"

"ನನಗೂ ಲೆಕ್ಕ ಬರುತ್ತೆ."

"ನನ್ನ ಹತ್ರ ಏನಾದ್ರೂ ಕೇಳೋದಿದೆಯಾ?"

ಕೇಳಬಹುದಿತ್ತು. ನಿವೃತ್ತಿಗೆ ಇನ್ನೆಷ್ಟು ದಿನ ನಿಮಗೆ, ಬಲಗಡೆ ಕೂತು ಹೋಗಬಾರದೇ ಎಂದು. ಸೇರಿದ ದಿನವೇ ಮುಖ್ಯ, ನಂಬರ್ ಯಾರೂ ಕಸಿಯಬಾರದು ಎಂದು ಗಂಟಲು ಹರಿದುಕೊಂಡವಳು ಅದನ್ನು ಯಾವ ಬಾಯಲ್ಲಿ ಕೇಳುವುದು?

"ಇಲ್ಲ. ನಿಮ್ಮ ನಂಬರ್ ನಿಮ್ಮದು."

"ಹಾಗಾದ್ರೆ ಸರಿ," ಎಂದ ತಾತ. ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. "ಹಾಕ್ತೀನಿ."

ಮುದುಕ ಒಂದು ಸಲ ಬೇಡವೆಂದಾದರೂ ಅನ್ನಬಹುದಿತ್ತು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ತನ್ನ ಪಾಲಿನ ಇನ್ನೊಂದು ಫೋನ್ ಮಾಡಿದಳು. ಮೇಲೆ ಹತ್ತಿ ಕೋ-ಪೈಲಟ್‌ಗೂ ಹೇಳಿದಳು. ಅವನು ಊಟದ ಡಬ್ಬಿ ಬಿಟ್ಟು ಫೋನಿಗೆ ಕೈಹಾಕಿದ. ತನ್ನದು ತುಂಬುವಾಗ ಅವಳ ಬೆರಳು ತಡೆಯಿತು. ಊರಲ್ಲಿ ಎಡಗಡೆ ಎಂದು ಮೊದಲು ಹಾಕಿದಳು, ಸಿಗುವುದಿಲ್ಲವೆಂದು ಗೊತ್ತಿದ್ದೇ. ಎರಡನೆಯದು ಏನು? ಮಂಜಿನ ಊರಿನ ಎಡಗಡೆಯೋ, ಮನೆ ಊರಿನ ಬಲಗಡೆಯೋ? ಹಿಂದಿನ ವಾರ, ಕೇಸು ಸೋತರೆ ಏನು ಗತಿ ಎನ್ನುವಾಗ, ಇದೇ ಮಾತು ಮನೆಯಲ್ಲಿ ಎದ್ದಿತ್ತು.

"ನನ್ನ ಒವನ್ ಕಿತ್ತರೆ ಇಟ್ಟಿಗೆ ಉಳಿಯುತ್ತೆ ಅಷ್ಟೆ," ಎಂದಿದ್ದ ಬೇಕರಿಯವನು. "ನೀನು ಹೋಗು, ಬೇಡ ಅನ್ನಲ್ಲ. ಆದರೆ ಹೋದಮೇಲೆ ಫೋನಲ್ಲಿ ನನಗೆ ಆರ್ಡರ್ ಕೊಡಬೇಡ."

"ಅಮ್ಮ ಬಲಗಡೆ ಕೂತು ಬೇರೆಯವರ ಮಾತು ಕೇಳೋದಾ?" ಎಂದಿದ್ದಳು ಮಗಳು. "ಆ ಕ್ಯಾಪ್ಟನ್ ಪಾಪ."

ಇನ್ನೊಂದು ವಿಷಯವೂ ಇತ್ತು. ವಕೀಲನ ಕಚೇರಿ, ಸದಸ್ಯರು, ಹಿಟ್ಟಿನ ಮೂಟೆಗಳ ಸಭಾಂಗಣ, ಎಲ್ಲ ಇಲ್ಲೇ ಇದ್ದವು. ಕಾರ್ಯದರ್ಶಿ ಮಂಜಿನಲ್ಲಿ ಕೂತರೆ ಆಡಳಿತದವರಿಗೆ ಹಬ್ಬ. ಅವಳು ಮನೆ ಊರು, ಬಲಗಡೆ ಎಂದು ಒತ್ತಿ ಫೋನ್ ಆರಿಸಿದಳು. ವಾಪಸ್ ಹಾರುವಾಗ ಹಿಂದಿನ ಸೀಟು ಖಾಲಿಯಿತ್ತು. ಗುಂಡ ಅಲ್ಲೇ ಇಳಿದುಕೊಂಡಿದ್ದ.

ಹಂಚಿಕೆ ಬಂದಾಗ ತಾತನಿಗೆ ಊರು ಸಿಕ್ಕಿತು. ಹೆಚ್ಚಿನವರು ಎಲ್ಲೋ ಒಂದು ಕಡೆ ಕಾಲೂರಿದರು. ಅಕ್ಕನಿಗೆ ಬಲಗಡೆ. ಸಮವಸ್ತ್ರದ ಸ್ಟೋರಿನ ಗುಮಾಸ್ತ ಕ್ಯಾಪ್ಟನ್‌ಗಳ ನಾಲ್ಕು ಪಟ್ಟಿಯ ಭುಜಪಟ್ಟಿ ತೆಗೆದುಕೊಂಡು ಕೋ-ಪೈಲಟ್‌ಗಳ ಮೂರು ಪಟ್ಟಿಯದನ್ನು ಕೊಟ್ಟ. "ಏರೋರೇ ಬರ್ತಾರೆ ಮೇಡಂ, ಇಳಿಯೋರಿಗೆ ಹೇಗೆ ಬರ್ಕೋಬೇಕು ಅಂತ ಗೊತ್ತಿಲ್ಲ," ಎಂದು ತಲೆ ಕೆರೆದುಕೊಂಡ.

ಸರಪಳಿ ಒಂದು ಕಡೆ ತುಂಡಾಗಿತ್ತು. ಮದುಮಗನಿಗೆ ಫೋನ್ ಮಾಡಬೇಕಾದವನು ಮಾಡಿದ್ದ, ಮತ್ತೆ ಮತ್ತೆ ಮಾಡಿದ್ದ. ಮದುಮಗ ಆಕಾಶದಲ್ಲಿದ್ದ. ಬರೆದು ಕಳಿಸಿದ್ದರೆ ಇಳಿದ ಕೂಡಲೇ ನೋಡುತ್ತಿದ್ದ. ಬರೆಯಬಾರದೆಂಬುದು ಸಂಘದ ಕಟ್ಟುಪಾಡು, ಅದನ್ನು ಮಾಡಿದ್ದೂ ಅಕ್ಕನೇ. ಅವನು ಇಳಿದು, ಮಿಸ್ಡ್ ಕಾಲ್ ನೋಡಿ, ವಾಪಸ್ ಫೋನ್ ಮಾಡಿ ವಿಷಯ ಕೇಳುವಷ್ಟರಲ್ಲಿ ಕಂಪ್ಯೂಟರ್ ಬಾಗಿಲು ಹಾಕಿತ್ತು.

ಅಕ್ಕ ಹೊಸ ಭುಜಪಟ್ಟಿ ತಂದ ದಿನ ಮಧ್ಯಾಹ್ನ ಅವನು ಬೇಕರಿಯ ಹಿಂಬಾಗಿಲಿಂದ ಬಂದ. ಅಕ್ಕ ಮೇಜಿನ ಮೇಲೆ ಬಟ್ಟೆ ಹಾಸಿ ಶರ್ಟ್ ಇಸ್ತ್ರಿ ಮಾಡುತ್ತಿದ್ದಳು. ಅವನು ಕೂರಲಿಲ್ಲ.

"ಮಂಜಿನ ಊರು," ಎಂದ.

"ಗೊತ್ತು."

"ನೀವು ಹೇಳಿದ್ದನ್ನೇ ಮಾಡಿದೆ. ನನಗೆ ಗೊತ್ತಿದ್ದೋರಲ್ಲಿ ನಾನೊಬ್ಬನೇ ನಿಮ್ಮ ಮಾತು ಕೊನೇವರೆಗೂ ಕೇಳಿದ್ದು."

"ತಪ್ಪು ಹೇಳಿದ್ದೆ."

"ಅಕ್ಕ ಮೊದಲು ತನ್ನದು ಭದ್ರ ಮಾಡ್ಕೊಂಡು ಆಮೇಲೆ ಉಳಿದೋರಿಗೆ ಹೇಳಿದ್ಲು ಅಂತಾರೆ. ನೀವು ಊರಲ್ಲೇ ಇದ್ದೀರಲ್ಲ."

ಅಕ್ಕನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತಿತು. ಒವನ್ ಬಳಿ ನಿಂತಿದ್ದ ಗಂಡ ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡ. ಮೂರು ಪಟ್ಟಿಯ ಭುಜಪಟ್ಟಿ ಮೇಜಿನ ಮೇಲೇ ಬಿದ್ದಿತ್ತು. ಮದುಮಗ ಅದನ್ನು ನೋಡಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳು ತೋರಿಸಲೂ ಇಲ್ಲ.

"ಅನ್ನೋರು ಅನ್ನಲಿ," ಎಂದಳು. "ಖಾಲಿ ಬಿಡಿಸಿದ್ದು ಸಂಘ, ಹುಡುಗನ ತಪ್ಪಲ್ಲ ಅಂತ ಆಡಳಿತಕ್ಕೆ ನನ್ನ ಹೆಸರಲ್ಲೇ ಬರೆದುಕೊಡ್ತೀನಿ. ನಿನ್ನ ಸೀಟು ಮತ್ತೆ ಹಂಚಿ ಅಂತ ಕೇಳ್ತೀನಿ."

"ಬರೆದು? ನೀವಾ?" ಅವನಿಗೆ ನಗುವೇ ಬಂತು, ಒಣ ನಗು. "ಬಹಿಷ್ಕಾರ ಮಾಡಿಸಿದ್ದು ನಾನೇ ಅಂತ ಬರೆದುಕೊಟ್ಟರೆ ಕೆಲಸದಿಂದ ತೆಗೀತಾರೆ."

"ತೆಗೆದರೆ ತೆಗೀಲಿ. ಆಗ ನೋಡೋಣ."

"ಸೀಟು ಕೊಡೋ ಹಾಗೇ ಇಲ್ಲ ಅಂದ್ರೆ?"

"ಆಗ ನೀನು ಮಂಜಿನ ಊರಿಗೆ ಹೋಗ್ತೀಯ, ನಾನು ಕೆಲಸ ಕಳ್ಕೊಂಡು ಮನೇಲಿರ್ತೀನಿ."

ಅವನು ಬಾಗಿಲ ಹೊರಗೆ, ಒಳಗೆ, ಎರಡೂ ಕಡೆ ನೋಡಿದ. ಹೆಂಡತಿಗೆ ಹೇಳಬೇಕು ಎಂದ. ಹೇಳು ಎಂದಳು ಅಕ್ಕ. ಆದರೆ ಅವನು ಹೋಗಲಿಲ್ಲ. ಹಿಟ್ಟಿನ ಮೂಟೆಯೊಂದನ್ನು ಕಾಲಲ್ಲಿ ಎಳೆದು ಕೂತ.

"ಯಾವಾಗ ಬರೀತೀರಾ?"

ಅಕ್ಕ ಇಸ್ತ್ರಿಯ ಪ್ಲಗ್ ಕಿತ್ತಳು, ಶರ್ಟ್ ಬದಿಗೆ ಸರಿಸಿದಳು. ಗಂಡನತ್ತ ತಿರುಗಿ, "ಪೆನ್ ಕೊಡಿ," ಎಂದಳು. ಅವನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ ತೆಗೆದ, ಕೊಡುವ ಮುನ್ನ ಒಂದು ಕ್ಷಣ ಹಿಡಿದುಕೊಂಡ, ಆಮೇಲೆ ಕೊಟ್ಟ.