ಮಕ್ತುಮ್‌ಸಾಬರ ಅಗಲ ಪರದೆ

ಮಸ್ಕಿಯಲ್ಲಿ ಮಕ್ತುಮ್‌ಸಾಬರ ಕಣ್ಣಿಗಿದ್ದ ಮರ್ಯಾದೆ ದೊಡ್ಡ ಸಾಹೇಬರ ಸಹಿಗೂ ಇರಲಿಲ್ಲ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಅಳತೆಪಟ್ಟಿ ಹಿಡಿಯದೆ, ದಾರ ಎಳೆಯದೆ ಅಕ್ಷರಗಳನ್ನು ನೇರ ಕೂಡಿಸುತ್ತಿದ್ದರು. ಬ್ರಶ್ಶಿನ ಕಾಲ ಹೋಗಿ ಫ್ಲೆಕ್ಸಿನ ಕಾಲ ಬಂದಾಗ ಲ್ಯಾಪ್‌ಟಾಪನ್ನೂ ಕಲಿತರು, ಆದರೆ ಅಳತೆ ಮಾತ್ರ ಕಣ್ಣಿನದೇ. "ಕಂಪ್ಯೂಟರ್ ಸುಳ್ಳು ಹೇಳೀತು, ನನ್ನ ಕಣ್ಣು ಹೇಳಂಗಿಲ್ಲ" ಎನ್ನುವುದು ಅವರ ಮಾತು.

ತೊಂದರೆ ಬಂದದ್ದು ಮುಖಗಳಿಂದ. ಈ ಕಡೆ ಒಬ್ಬರ ಹುಟ್ಟುಹಬ್ಬವೆಂದರೆ ಶುಭ ಕೋರುವ ಮೂವತ್ತೆರಡು ಜನರ ಮುಖ ಬ್ಯಾನರಿನಲ್ಲಿ ಬರಲೇಬೇಕು. ಒಬ್ಬನದು ಬೆರಳಗಲ ಸಣ್ಣದಾದರೆ ಸಾಕು, ಆರು ತಿಂಗಳು ಮಾತು ಬಂದ್. ಅಷ್ಟು ಮುಖಗಳನ್ನು ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಸಾಲಾಗಿ ಕೂಡಿಸಿದರೆ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಅದಕ್ಕೇ ಸಾಬರು ಸಿಂಧನೂರಿಗೆ ಹೋಗಿ ಭಾರಿ ಅಗಲದ ಮಾನಿಟರ್ ತಂದರು. ಬಸ್ಸಿನಲ್ಲಿ ಅದನ್ನು ಕಿಟಕಿ ಸೀಟಿಗೆ ಕೂಡಿಸಿ ತಾವು ನಿಂತು ಬಂದರು.

ಪೆಟ್ಟಿಗೆಯಲ್ಲಿ ಹೊಸ ಕೇಬಲ್ ಇತ್ತು. ಆದರೆ ಹೊಸದನ್ನು ಬಳಸಿ ಕೆಡಿಸುವ ಚಟ ನಮ್ಮಲ್ಲಿ ಯಾರಿಗೂ ಇಲ್ಲ. ಸಾಬರ ಮನೆಯ ಕುರ್ಚಿಗಳು ಮೂರು ವರ್ಷದಿಂದ ಪ್ಲಾಸ್ಟಿಕ್ ಹೊದ್ದೇ ಕೂತಿವೆ. ಕೇಬಲ್ಲನ್ನು ಥರ್ಮಾಕೋಲಿನ ಸಮೇತ ಅಟ್ಟಕ್ಕೇರಿಸಿ, ಟಿವಿಯ ಹಳೆಯ ಕೇಬಲ್ ತಂದು ಸಿಕ್ಕಿಸಿದರು. ಚಿತ್ರ ಬಂತು, ಪರದೆ ತುಂಬಿ ಬಂತು. ಅಷ್ಟಗಲದ ಚಿತ್ರ ಸಾಗಿಸುವ ತಾಕತ್ತು ಹಳೆಯ ಕೇಬಲ್ಲಿಗಿರಲಿಲ್ಲ. ಲ್ಯಾಪ್‌ಟಾಪ್ ಸಣ್ಣ ಚಿತ್ರ ಕಳಿಸುತ್ತಿತ್ತು, ಮಾನಿಟರ್ ಅದನ್ನೇ ಎರಡೂ ಕಡೆ ಜಗ್ಗಿ ತನ್ನ ಅಗಲಕ್ಕೆ ಹಿಗ್ಗಿಸಿಕೊಂಡಿತ್ತು. ಸಾಬರಿಗೆ ಇದು ಗೊತ್ತಿರಲಿಲ್ಲ.

ಮೊದಲ ಕೆಲಸ ರೈಸ್‌ಮಿಲ್ಲಿನ ಮಾಲಕ ಆದಪ್ಪನವರ ಹುಟ್ಟುಹಬ್ಬದ್ದು. ಅವರು ಮೊದಲೇ ಬಾಗಿಲಲ್ಲಿ ಅಡ್ಡ ಹಾಯುವ ಆಳು. ಪರದೆಯ ಮೇಲಂತೂ ಅವರ ಗಲ್ಲ ಪಕ್ಕದವನ ಮೂಗಿಗೆ ತಾಗುತ್ತಿತ್ತು. "ಫೋಟೋ ತಗದಾಂವ ಕೆಡಿಸ್ಯಾನ" ಎಂದು ಸಾಬರು ಆದಪ್ಪನವರದೂ ಸೇರಿ ಮೂವತ್ಮೂರೂ ಮುಖಗಳನ್ನು ಎರಡೂ ಕಡೆಯಿಂದ ಒತ್ತಿ, ಕಣ್ಣಿಗೆ ಸರಿ ಕಂಡ ಮೇಲೆ ಲಿಂಗಸುಗೂರಿನ ಪ್ರಿಂಟಿಂಗ್ ಅಂಗಡಿಗೆ ಕಳಿಸಿದರು.

ಅಲ್ಲಿಂದ ಮಶಿನ್ ನಡೆಸುವ ವಿಜಯಶ್ರೀ ಫೋನ್ ಮಾಡಿದಳು. "ಕಾಕಾ, ಎಲ್ಲಾರೂ ಸೊರಗ್ಯಾರಲ್ರೀ! ಹೊಸ ಮಾನಿಟರ್ ತಂದೀರಂತ, ಅದರ ಜೋಡಿ ಬಂದ ಹೊಸ ಕೇಬಲ್ಲ ಹಾಕೀರೇನು? ಮಾನಿಟರ್ ಸೆಟ್ಟಿಂಗ್ ಒಮ್ಮೆ ನೋಡ್ರಿ."

"ನೀ ಹುಟ್ಟೋಕಿಂತ ಮೊದ್ಲಿಂದ ಬೋರ್ಡ್ ಬರಿಯಾಕತ್ತೀನವ್ವಾ. ಸುಮ್ಮ ಪ್ರಿಂಟ್ ಹೊಡಿ."

ಮರುದಿನ ಮುಂಜಾನೆ ಬಸ್‌ಸ್ಟ್ಯಾಂಡಿನ ಎದುರು ಬ್ಯಾನರ್ ಎದ್ದಿತು. ಸಾಬರು ತಲೆಯೆತ್ತಿ ನೋಡಿದರು. ಮೂವತ್ಮೂರು ಜನ ನುಗ್ಗೇಕಾಯಿಗಳಂತೆ ಜೋತುಬಿದ್ದಿದ್ದರು. ನಲವತ್ತು ವರ್ಷದ ಹೆಸರು ಒಂದು ಬ್ಯಾನರಿನಲ್ಲಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಆದಪ್ಪನವರ ಕಾರು ಬಂದು ನಿಂತಿತು.

"ಏನ್ರೀ ಮಕ್ತುಮ್‌ಸಾಬ್ರ!" ಎಂದರು ಆದಪ್ಪ, ಮೇಲೆ ನೋಡುತ್ತ. "ಡಾಕ್ಟರು ಎರಡು ವರ್ಷದಿಂದ ತೂಕ ಇಳಸ್ರಿ ಇಳಸ್ರಿ ಅಂತಾರ. ನೀವು ಒಂದ ದಿನಕ್ಕ ಇಳಿಸೀರಲ್ರೀ!" ಎಂದು ತಮ್ಮ ಕೊರಳಿನ ಹಾರ ತೆಗೆದು ಸಾಬರಿಗೇ ಹಾಕಿದರು.

ಸಂಜೆಯೊಳಗೆ ಅಂಗಡಿಯ ಮುಂದೆ ಇಳಿಯಬೇಕಾದವರ ಪಾಳಿ ಹತ್ತಿತು. ಸಾಬರಿಗೆ ಖುಷಿಯಾಗಬೇಕಿತ್ತು, ಆಗಿದ್ದು ನಾಚಿಕೆ. ಸರಿಯಾಗಿ ಬರೆದ ನಲವತ್ತು ವರ್ಷದಲ್ಲಿ ಒಬ್ಬನೂ ಹಾರ ಹಾಕಿರಲಿಲ್ಲ. ಆದರೂ ಹೊಸ ಕೇಬಲ್ ಇಳಿಸಲು ಅಟ್ಟ ಹತ್ತಲಿಲ್ಲ.

ಮೂರನೇ ದಿನ ಗ್ಯಾನಮ್ಮ ಬಂದಳು. ಕುರಿ ಕಾಯುತ್ತಿದ್ದ ಅವಳ ಗಂಡ ಮಾಳಿಂಗಪ್ಪ ತೀರಿ ಒಂಬತ್ತು ದಿನವಾಗಿತ್ತು, ಶ್ರದ್ಧಾಂಜಲಿಯ ಬ್ಯಾನರ್ ಬೇಕಿತ್ತು. ಆಧಾರ್ ಕಾರ್ಡಿನ ಫೋಟೋ ಬಿಟ್ಟರೆ ಅವನದು ಬೇರೆ ಫೋಟೋ ಇರಲಿಲ್ಲ. ಅದು ಪರದೆಯ ಮೇಲೆ ಬಂದದ್ದೇ ಗ್ಯಾನಮ್ಮ ಹೌಹಾರಿದಳು.

"ಇಂವ ಯಾರು? ನಮ್ಮ ಮನಿಯಾಂವ ಇಷ್ಟು ಉಂಡಿದ್ದ ಯಾವಾಗ?"

"ತಡಿ ತಂಗಿ, ಇಳಸ್ತೀನಿ" ಎಂದು ಸಾಬರು ಮೌಸ್ ಹಿಡಿದರು.

"ಬ್ಯಾಡ ಮಕ್ತುಮಣ್ಣಾ. ಆ ಬಸ್‌ಸ್ಟ್ಯಾಂಡಿನ್ಯಾಗ ಇಳಿಸಿದಂಗ ಇಳಸಬ್ಯಾಡ. ಅಂವ ಮೊದ್ಲ ಎಲುಬಿನ ಮನಷ್ಯಾ, ಅದರಾಗ ಇಳಿಸಿದ್ರ ಏನ್ ಉಳೀತೈತಿ? ಹೆಂಗಿದ್ದ ಹಂಗ ಬರಲಿ."

ಸಾಬರ ಕೈ ನಿಂತಿತು. ಅವನು ಹೇಗಿದ್ದ? ಈ ಪರದೆಯ ಮುಂದೆ ಅವರ ಕಣ್ಣಿಗೆ ಹೇಳಲು ಬರಲಿಲ್ಲ. ಎದ್ದು ಅಟ್ಟ ಹತ್ತಿ ಹೊಸ ಕೇಬಲ್ ಇಳಿಸಿ ಸಿಕ್ಕಿಸಿದರು. ವಿಜಯಶ್ರೀಗೆ ಫೋನ್ ಮಾಡಿ, ಸಣ್ಣ ದನಿಯಲ್ಲಿ, "ಆ ಸೆಟ್ಟಿಂಗ್ ಎಲ್ಲೈತೆವ್ವಾ?" ಎಂದು ಕೇಳಿದರು. ಅವಳು ಹೇಳಿದಲ್ಲಿ ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಬತ್ತಿದ ಗಲ್ಲದ, ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡ ಮಾಳಿಂಗಪ್ಪ ಎದುರಿಗಿದ್ದ.

ಗ್ಯಾನಮ್ಮ ಸೆರಗು ತಲೆಯ ಮೇಲೆಳೆದುಕೊಂಡಳು. "ಹೂಂ. ಇಂವಾ ನೋಡು" ಎಂದಳು.

ಮರುವಾರ ಆದಪ್ಪನವರು ಇನ್ನೊಂದು ಬ್ಯಾನರಿಗೆ ಬಂದರು. ಪರದೆಯ ಮೇಲೆ ತಮ್ಮ ಮುಖ ಇದ್ದಷ್ಟೇ ಅಗಲ ಬಂದದ್ದು ನೋಡಿ ಹುಬ್ಬು ಗಂಟಿಕ್ಕಿದರು.

"ಸಾಬ್ರ, ನಿಮ್ಮ ಮಾನಿಟರ್ ಕೆಟ್ಟೈತಿ ನೋಡ್ರಿ."

"ಕೆಟ್ಟಿತ್ರೀ ಸಾವುಕಾರ್ರ" ಎಂದರು ಮಕ್ತುಮ್‌ಸಾಬರು. "ಈಗ ನೆಟ್ಟಗಾಗೈತಿ."