ಜವರಯ್ಯ ಹಾಕಿದ ಬಾಗಿಲು

ಇಪ್ಪತ್ತು ವರ್ಷ ತುಂಬುವವರೆಗೆ ಮೈಸೂರಿನ ಪಕ್ಕದ ಹಿನಕಲ್‌ನ ಜವರಯ್ಯ ಕನ್ನಂಬಾಡಿ ಹಿನ್ನೀರಿಗಿಂತ ದೊಡ್ಡ ನೀರನ್ನು ಕಂಡವನಲ್ಲ. ಅಪ್ಪನ ರಾಗಿ ಹೊಲ ಬಡಾವಣೆಗೆ ಹೋದ ವರ್ಷ ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿತ. ಪೇಪರಿನಲ್ಲಿ ಬಂದ ಜಾಹೀರಾತು ನೋಡಿ ಅರ್ಜಿ ಹಾಕಿ, ಕರಾವಳಿ ಕಾವಲು ಪಡೆಯ ಹಡಗಿನ ಎಂಜಿನ್ ರೂಮಿಗೆ ಸೇರಿದ. ಮೊದಲ ವಾರವೆಲ್ಲ ವಾಂತಿ. ಆಮೇಲೆ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಪಳಗಿದ.

ಕೆಲವು ವರ್ಷಗಳ ನಂತರ ಗಸ್ತು ಹಡಗು 'ಜಲಧೀರ'ಕ್ಕೆ ವರ್ಗವಾದಾಗ ಅದೇ ವಾರ ಹೊಸದಾಗಿ ಸೇರಲು ಬಂದ ರುದ್ರಸ್ವಾಮಿ ಸಿಕ್ಕಿದ. ಮೈಸೂರಿನ ವಿದ್ಯಾರಣ್ಯಪುರಂನವನು, ಮಠದ ಪೂಜೆಯ ಮನೆತನ, ಜವರಯ್ಯನಿಗಿಂತ ಆರು ವರ್ಷ ಚಿಕ್ಕವನು. ಹಣೆಗೆ ವಿಭೂತಿ ಹಚ್ಚಿಕೊಂಡು ಕೆಳಗಿಳಿಯುತ್ತಿದ್ದ. ಅರ್ಧ ಗಂಟೆಯಲ್ಲಿ ಬೆವರಿಗೆ ಅದು ಅಳಿಸಿಹೋಗುತ್ತಿತ್ತು. ಹಿಂದಿ ಮಾತಿನ ಆ ಹಡಗಿನಲ್ಲಿ ಮೈಸೂರು ಕನ್ನಡ ಆಡಲು ಒಬ್ಬರಿಗೊಬ್ಬರು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಮುಳುಗುತ್ತಿದ್ದ ಮೀನುಗಾರಿಕೆ ದೋಣಿಯಿಂದ ಹನ್ನೊಂದು ಜನರನ್ನು ಎತ್ತಿಕೊಂಡು ಜಲಧೀರ ಬಂದರಿಗೆ ವಾಪಸಾಗುತ್ತಿತ್ತು. ಮಧ್ಯಾಹ್ನ ಎಂಜಿನ್ ರೂಮಿನಲ್ಲಿ ಎಣ್ಣೆಯ ಪೈಪು ಒಡೆದು ಬೆಂಕಿ ಹತ್ತಿತು. ಕೆಳಗಿದ್ದ ನಾಲ್ವರು ಕೆಮ್ಮುತ್ತ ಮೇಲೆ ಬಂದರು. ಎಣ್ಣೆಯ ವಾಲ್ವ್ ಮುಚ್ಚಲು ಹಿಂದೆ ಉಳಿದ ರುದ್ರಸ್ವಾಮಿ ಬರಲಿಲ್ಲ. ಬಾಗಿಲ ಹೊಣೆ ಜವರಯ್ಯನದು. ಬಾಗಿಲು ಹಾಕಿ ಗ್ಯಾಸ್ ಬಿಡುವಂತೆ ಕ್ಯಾಪ್ಟನ್ ಆಜ್ಞೆ ಮಾಡಿದರು. ಆ ಗ್ಯಾಸಿನಿಂದ ಬೆಂಕಿ ಆರುತ್ತದೆ; ಒಳಗಿದ್ದವರ ಉಸಿರೂ ನಿಲ್ಲುತ್ತದೆ. ರುದ್ರ ಒಳಗಿದ್ದಾನೆ ಎಂದು ಜವರಯ್ಯ ಕೂಗಿ ಹೇಳಿದ. ಕ್ಯಾಪ್ಟನ್ ಅದೇ ಆಜ್ಞೆಯನ್ನು ಮತ್ತೆ ಹೇಳಿದರು. ಪಕ್ಕದಲ್ಲೇ ಎಣ್ಣೆಯ ಟ್ಯಾಂಕು. ಜವರಯ್ಯ ಬಾಗಿಲು ತಳ್ಳಿ ಚಿಲಕ ತಿರುಗಿಸಿದ. ಆಮೇಲೆ ಒಳಗಿನಿಂದ ಕಬ್ಬಿಣದ ಮೇಲೆ ಬಡಿದ ಸದ್ದು ಕೇಳಿತು. ಅವನು ಗ್ಯಾಸಿನ ಹಿಡಿ ಎಳೆದ.

ವಿಚಾರಣೆ ನಡೆಸಿದವರು ಅವನು ಮಾಡಿದ್ದೇ ಸರಿ ಎಂದು ಬರೆದರು. ದೇಹದ ಜೊತೆ ಮೈಸೂರಿಗೆ ಬಂದವನೂ ಅವನೇ. ರುದ್ರನ ಹೆಂಡತಿ ಪ್ರೇಮಲೀಲಾ ಎರಡು ವರ್ಷದ ನಿಶ್ಚಿತಾಳನ್ನು ಎತ್ತಿಕೊಂಡು ಏನಾಯಿತೆಂದು ಕೇಳಿದಾಗ, ಹೊಗೆ ಕುಡಿದು ಎಚ್ಚರ ತಪ್ಪಿತ್ತು, ಅವನಿಗೇನೂ ಗೊತ್ತಾಗಲಿಲ್ಲ ಎಂದುಬಿಟ್ಟ. ಆಕೆ ನಂಬಿದಳು.

ಸೇವೆ ಮುಗಿಸಿ ಊರಿಗೆ ಬಂದ ಜವರಯ್ಯ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದ. ಪ್ರೇಮಲೀಲಾಳ ಮನೆಯ ನಲ್ಲಿ ಸೋರಿದರೆ, ಹುಡುಗಿಗೆ ಕಾಲೇಜು ಸೀಟು ಬೇಕಾದರೆ ಮೊದಲು ಓಡುತ್ತಿದ್ದವನು ಅವನೇ. ನಿಶ್ಚಿತಾ ಅವನನ್ನು ದೊಡ್ಡಪ್ಪ ಎಂದೇ ಕರೆದು ಬೆಳೆದಳು. ಆ ಬಾಗಿಲಿನ ವಿಷಯ ಹೆಂಡತಿ ಚಾಮುಂಡೇಶ್ವರಿಗೂ ಹೇಳಿರಲಿಲ್ಲ.

ಹಳೆಯ ಜಲಧೀರ ಸೇವೆಯಿಂದ ಇಳಿದಿತ್ತು. ಹೊಸದಾಗಿ ಕಟ್ಟಿದ ಗಸ್ತು ಹಡಗಿಗೆ ಅದೇ ಹೆಸರಿಟ್ಟು ಮಂಗಳೂರಿನಲ್ಲಿ ಸೇವೆಗೆ ಸೇರಿಸುತ್ತೇವೆಂದು ಈ ವರ್ಷ ಜವರಯ್ಯನಿಗೂ ಪ್ರೇಮಲೀಲಾಳಿಗೂ ಆಹ್ವಾನ ಬಂತು. ಪ್ರೇಮಲೀಲಾ ಫೋನ್ ಮಾಡಿ, ಜೊತೆಯಲ್ಲೇ ಹೋಗೋಣ ಎಂದಳು. ಆ ಸುಳ್ಳನ್ನು ಇಟ್ಟುಕೊಂಡು ಆಕೆಯನ್ನು ಆ ಹೆಸರಿನ ಹಡಗಿಗೆ ಹತ್ತಿಸಲು ಜವರಯ್ಯನಿಗೆ ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಆಕೆಯ ಮನೆಗೆ ಹೋದ. ಆಕೆ ಹಲಸಿನ ಬೀಜ ಸುಲಿಯುತ್ತಿದ್ದಳು.

"ಬಾಗ್ಲು ಹಾಕ್ದೋನು ನಾನು, ಪ್ರೇಮಮ್ಮ. ಅವ್ನು ಒಳಗಿದ್ದ. ಗೊತ್ತಿದ್ದೇ ಹಾಕ್ಬುಟ್ಟೆ."

ಆಕೆಯ ಕೈ ನಿಂತಿತು. ಒಂದೇ ಮಾತು ಕೇಳಿದಳು.

"ಬಡಿದ್ರಾ?"

ಇಲ್ಲ ಎನ್ನಬಹುದಿತ್ತು. "ಬಡ್ದ," ಎಂದ ಜವರಯ್ಯ. "ಮೂರು ಸಲ."

ಆಕೆ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅವನು ಅರ್ಧ ಗಂಟೆ ಕೂತಿದ್ದು, ಎದ್ದು ಬಂದ.

ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ, ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಬನ್ನಿ ಎಂದಷ್ಟೇ ಆಕೆಯಿಂದ ಮೆಸೇಜ್ ಬಂತು. ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಡಿಕೇರಿ ಹೋಯಿತು, ಸುಳ್ಯ ಹೋಯಿತು.

ಮರುದಿನ ಬಂದರಿನಲ್ಲಿ ಬಿಳಿಯ ಹಡಗು ನಿಂತಿತ್ತು. ಹೊಸ ಕ್ಯಾಪ್ಟನ್ ಆದೇಶ ಓದಿದರು; ಬಾವುಟ ಏರಿತು; ಬಿಳಿ ಸಮವಸ್ತ್ರದ ಹುಡುಗ ಹುಡುಗಿಯರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಜವರಯ್ಯನ ಕೈ ತಾನಾಗಿ ಹಣೆಗೆ ಹೋಯಿತು. ಆಮೇಲೆ ಬಂದವರಿಗೆಲ್ಲ ಹಡಗು ತೋರಿಸಿದರು. ಎಂಜಿನ್ ರೂಮಿನಲ್ಲಿ ಯುವ ಅಧಿಕಾರಿಯೊಬ್ಬ ಹಿಂದಿಯಲ್ಲಿ ವಿವರಿಸುತ್ತಿದ್ದ. ಪ್ರೇಮಲೀಲಾ ಜವರಯ್ಯನ ಕಡೆ ತಿರುಗಿದಳು.

"ಇಲ್ಲಿ ಯಾರಾದ್ರೂ ಒಳಗೆ ಸಿಕ್ಕಾಕೊಂಡ್ರೆ ಹೊರಗೆ ಬರೋ ದಾರಿ ಯಾವ್ದು, ಕೇಳಿ ಅವ್ರನ್ನ."

ಅವನು ಹಿಂದಿಯಲ್ಲಿ ಕೇಳಿದ. ಅಧಿಕಾರಿ ಮೂಲೆಯ ಸಣ್ಣ ಬಾಗಿಲು ತೆರೆದ. ಒಳಗೆ ಕಿರಿದಾದ ಕಬ್ಬಿಣದ ಏಣಿ ನೇರ ಮೇಲಕ್ಕೆ ಹೋಗಿತ್ತು. ಹಳೆಯ ಹಡಗಿನಲ್ಲಿ ಇದು ಇರಲಿಲ್ಲವೇ ಎಂದಳು. ಇತ್ತು, ಬೆಂಕಿ ಹತ್ತಿದ್ದೇ ಅದರ ಬಾಯಲ್ಲಿ ಎಂದ ಜವರಯ್ಯ.

ಪ್ರೇಮಲೀಲಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತತೊಡಗಿದಳು. ಅಧಿಕಾರಿ ಗಾಬರಿಯಾದ. ಜವರಯ್ಯ ಅವನಿಗೆ ಕೈಸನ್ನೆ ಮಾಡಿ ಆಕೆಯ ಹಿಂದೆ ಹತ್ತಿದ. ಆಕೆ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಮೇಲೆ ಗಾಳಿಗೆ ಬಂದವಳೇ ಕಂಬಿ ಹಿಡಿದು ಅತ್ತಳು. ಅವನು ದೂರದಲ್ಲಿ ನಿಂತ.

"ಹಾಕ್ದೇ ಇದ್ದಿದ್ರೆ?" ಎಂದು ಕೇಳಿದಳು ಕೊನೆಗೆ.

"ಮೀನುಗಾರರೂ ಸೇರಿ ಐವತ್ತೆರಡು ಜನ ಇದ್ವಿ."

ಆಕೆ ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. "ನಿಶ್ಚಿತಾಗೆ ನಾನು ಹೇಳಲ್ಲ. ನೀವೇ ಬಂದು ಹೇಳ್ಬೇಕು. ಬಡ್ದಿದ್ದೂ ಸೇರಿಸಿ."

ಮುಂದಿನ ಭಾನುವಾರ ಬೆಳಿಗ್ಗೆ ಅವನು ಮೊದಲು ಚಾಮುಂಡೇಶ್ವರಿಗೆ ಎಲ್ಲ ಹೇಳಿದ. ಆಕೆ ಸೀರೆ ಬದಲಿಸಿಕೊಂಡು ಜೊತೆಗೆ ಹೊರಟಳು. ನಿಶ್ಚಿತಾ ಕೊನೆಯವರೆಗೂ ಕೇಳಿ, ಕೋಣೆಗೆ ಹೋದಳು. ಮರುದಿನ ಅವನು ಮಾಡಿದ ಫೋನ್ ಎತ್ತಲಿಲ್ಲ. ಜವರಯ್ಯನೂ ಎರಡು ತಿಂಗಳು ಮತ್ತೆ ಮಾಡಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅವಳೇ ಸ್ಕೂಟರಿನಲ್ಲಿ ಹಿನಕಲ್‌ಗೆ ಬಂದಳು. ಚಾಮುಂಡೇಶ್ವರಿ ಕೊಟ್ಟ ಕಾಫಿ ಕುಡಿದು ಮುಗಿಸಿದಳು. ಲೋಟ ಕೆಳಗಿಟ್ಟು, ಅಪ್ಪನ ಜೊತೆ ಎಂಟು ವರ್ಷ ಇದ್ದವರು ನೀವು, ನನಗೆ ಅವರ ಸಾವೊಂದೇ ಗೊತ್ತು ಎಂದಳು.

"ಅಪ್ಪ ಹೆಂಗಿದ್ರು, ಹೇಳಿ ದೊಡ್ಡಪ್ಪ."

ರುದ್ರಸ್ವಾಮಿ ಮೊದಲ ದಿನ ಹಡಗಿನಲ್ಲಿ ದಾರಿ ತಪ್ಪಿ ಅಡುಗೆಮನೆಗೆ ಹೋಗಿ ನಿಂತಿದ್ದ. ಜವರಯ್ಯ ಅಲ್ಲಿಂದ ಶುರು ಮಾಡಿದ.