ಅಣ್ಣನ ಎಡಗೈ ಬೆರಳು

ಅಣ್ಣನ ಎಡಗೈ ತೋರುಬೆರಳ ತುದಿ ಸವೆದು ನುಣ್ಣಗೆ ಹೊಳೆಯುತ್ತಿತ್ತು. ರೈಲ್ವೆ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನವೂ ಅವನು ಎಂದಿನಂತೆ ಆ ಬೆರಳಿಗೆ ಹರಳೆಣ್ಣೆ ಸವರಿಕೊಂಡು, ನಾನು ತಟ್ಟಿದ ರಾಗಿರೊಟ್ಟಿ ತಿಂದು, ಅಜ್ಜಂಪುರದ ಸ್ಟೇಷನ್ನಿಗೆ ಹೊರಟ. ಅಲ್ಲಿ ಅವನು ತಂತಿ ಮಾಸ್ತರ. ಗಂಡನನ್ನು ಕಳೆದುಕೊಂಡು ಬಂದ ನನಗೆ ಅವನ ರೈಲ್ವೆ ಮನೆಯೇ ಮನೆ.

ಅವನ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ತಂತಿಯಲ್ಲಿ ವಿದ್ಯುತ್ತು ಬಂದಾಗ ಮೇಜಿನ ಮೇಲಿನ ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ನಿಂತಾಗ ಬಿಡುತ್ತದೆ. ಆ ಟಕಟಕ ಸದ್ದು ಕೇಳಿ ಅಕ್ಷರ ಬರೆದುಕೊಳ್ಳಬೇಕು. ಅಣ್ಣ ಯಾರಿಗೂ ಕಾಣದಂತೆ ಯಂತ್ರಕ್ಕೆ ಬೆರಳಾನಿಸಿ, ಅದರ ಅದುರುವಿಕೆಯಿಂದಲೇ ಬರೆಯುತ್ತಿದ್ದ. "ಅಯಸ್ಕಾಂತ ಎಳೆಯೋದು ಕಬ್ಬಿಣಾನ ಕಣೇ, ಕಿವೀನಲ್ಲ" ಎನ್ನುತ್ತಿದ್ದ.

ಅಣ್ಣ ಕಿವುಡನೆಂದು ಯಾರೋ ದೂರು ಬರೆದರು. ಇನ್‌ಸ್ಪೆಕ್ಟರು ಬಂದು, ತರೀಕೆರೆಯಿಂದ ಪರೀಕ್ಷೆಯ ತಂತಿ ಕಳಿಸಲು ಏರ್ಪಾಡು ಮಾಡಿದರು. ಅದರ ನಕಲು ಅವರ ಜೇಬಿನಲ್ಲಿತ್ತು. ಅಣ್ಣ ತಪ್ಪಿದರೆ ಕೆಲಸ ಹೋಗುತ್ತಿತ್ತು, ಅದರ ಹಿಂದೆಯೇ ಮನೆಯೂ. ನಾನು ಮಜ್ಜಿಗೆಯ ಚೊಂಬು ಹಿಡಿದು ಸ್ಟೇಷನ್ನಿನ ತಂತಿ ಕೋಣೆಯ ಬಾಗಿಲಲ್ಲೇ ನಿಂತೆ.

ತಂತಿ ಶುರುವಾಗುವ ಹೊತ್ತಿಗೆ ಚಿತ್ತೆ ಮಳೆ ತಗಡಿನ ಚಾವಣಿಯ ಮೇಲೆ ಸುರಿಯತೊಡಗಿತು. ಇನ್‌ಸ್ಪೆಕ್ಟರು ಏನೋ ಕೂಗಿದರು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅಣ್ಣ ತಲೆ ಎತ್ತದೆ ಬರೆಯುತ್ತಲೇ ಇದ್ದ.

ಮಳೆ ತಗ್ಗಿದ ಮೇಲೆ ಅವರು ನಕಲು ತೆಗೆದು ಹೋಲಿಸಿದರು. ಒಂದಕ್ಷರ ತಪ್ಪಿರಲಿಲ್ಲ. ಆದರೆ ಕೊನೆಗೆ ಒಂದು ಸಾಲು ಹೆಚ್ಚಿತ್ತು. ತರೀಕೆರೆಯ ತಂತಿ ಮಾಸ್ತರ, ಅಣ್ಣನ ಗೆಳೆಯ, ದಿನದ ರೂಢಿಯಂತೆ ಸೇರಿಸಿಬಿಟ್ಟಿದ್ದ: 'ಕಿವುಡಪ್ಪ, ಊಟ ಆಯ್ತಾ?'

"ಇದನ್ನ ಯಾಕ್ರೀ ಬರೆದ್ರಿ?" ಇನ್‌ಸ್ಪೆಕ್ಟರು ಆ ಸಾಲನ್ನು ತೋರಿಸಿ ಜೋರಾಗಿ ಕೇಳಿದರು.

"ಬಂದಿದ್ದನ್ನೆಲ್ಲ ಬರೆಯೋದು ನನ್ ಕೆಲ್ಸ, ಸ್ವಾಮಿ. ಆರಿಸ್ಕೊಳ್ಳೋದಲ್ಲ."

ಇನ್‌ಸ್ಪೆಕ್ಟರು ಯಂತ್ರದ ಮೇಲೇ ಇದ್ದ ಅಣ್ಣನ ಬೆರಳನ್ನು ನೋಡುತ್ತಿದ್ದರು. ಆಮೇಲೆ ನಕ್ಕುಬಿಟ್ಟರು.

"ಎರಡು ಕಿವಿ ನೆಟ್ಟಗಿದ್ರೂ ನನಗೊಂದಕ್ಷರ ಸಿಗ್ಲಿಲ್ಲ ಕಣ್ರೀ. ಕಿವುಡ ಅಂತ ಯಾರ ಹೆಸ್ರು ಬರೀಲಿ? ಹೋಗಿ, ಊಟ ಮಾಡ್ಹೋಗಿ."

ಅಂದಿನಿಂದ ಅಣ್ಣ ಬೆರಳನ್ನು ಮರೆಮಾಡಲಿಲ್ಲ. ಪಿಂಚಣಿಯವರೆಗೂ ಎಲ್ಲರೆದುರೇ ಹಾಗೆ ಬರೆದ. ಗೆಳೆಯನಿಗೂ ಬೈಯಲಿಲ್ಲ, ಊಟವಾಯಿತೆಂದು ದಿನವೂ ಉತ್ತರ ಕೊಟ್ಟ.

ಹೋದ ಮಾರ್ಗಶಿರದಲ್ಲಿ ಅಣ್ಣ ತೀರಿಕೊಂಡ. ನಾನೀಗ ಕಡೂರಿನಲ್ಲಿ ತಂಗಿಯ ಮನೆಯಲ್ಲಿದ್ದೇನೆ. "ಮೆತ್ತಗೆ ಮಾತಾಡಕ್ಕ, ನಾವೇನು ಕಿವುಡ್ರಾ?" ಎಂದು ಅವಳು ರೇಗುತ್ತಾಳೆ. ದನಿ ತಗ್ಗಿಸುತ್ತೇನೆ. ನಾನು ಕೂಗಿ ಮಾತಾಡಬೇಕಾದವರು ಈಗ ಮನೆಯಲ್ಲಿ ಯಾರೂ ಇಲ್ಲ.